ಪಾತ್ರ ಹಳಿ ತಪ್ಪಿದಾಗ: ಉದ್ದ ಕತೆ ಬರೆಯುವವರಿಗೆ ದೋಷ ನಿವಾರಣೆ ಕೈಪಿಡಿ

ನಲವತ್ತು ಕಂತು ಓಡುವ ಧಾರಾವಾಹಿಯಲ್ಲಾಗಲಿ, ಮುನ್ನೂರು ಪುಟ ದಾಟಿದ ಕಾದಂಬರಿಯಲ್ಲಾಗಲಿ ಓದುಗರ ದೂರು ಸಾಮಾನ್ಯವಾಗಿ ಒಂದೇ ಮಾತಿನದು: "ಯಾಕೋ ಈ ಪಾತ್ರ ಸರಿಹೋಗಲಿಲ್ಲ." ಇದನ್ನು ಕೇಳಿದ ಕೂಡಲೇ ಬರೆದವರು ಪಾತ್ರದ ಮನಸ್ಸನ್ನೇ ತಿದ್ದಲು ಕೂತುಬಿಡುತ್ತಾರೆ. ಅವಸರ ಬೇಡ. ದೋಷ ಬಹಳ ಸಲ ಅಷ್ಟು ಆಳದಲ್ಲಿ ಇರುವುದಿಲ್ಲ. ಹೆಸರಿನ ಕಾಗುಣಿತ ಎರಡು ಥರ ಇರುತ್ತದೆ, ವಯಸ್ಸಿನ ಲೆಕ್ಕ ತಪ್ಪಿರುತ್ತದೆ, ಐದನೇ ಕಂತಿನಲ್ಲಿ 'ನೀವು' ಅಂದವಳು ಹದಿನೆಂಟರಲ್ಲಿ ಕಾರಣವಿಲ್ಲದೆ 'ನೀನು' ಅಂದಿರುತ್ತಾಳೆ. ಆದ್ದರಿಂದ ಇಲ್ಲಿನ ತಪಾಸಣೆಗಳು ಸುಲಭದಿಂದ ಕಷ್ಟದ ಕಡೆಗೆ ಸಾಗುತ್ತವೆ. ನಿಮಗೆ ಕಂಡ ಲಕ್ಷಣದ ಭಾಗಕ್ಕೆ ನೇರ ಹೋಗಬಹುದು, ಆದರೆ ಮೊದಲ ಎರಡನ್ನು ಮಾತ್ರ ಬಿಡಬೇಡಿ. ಅವು ಒಂದು ಸಂಜೆಯಲ್ಲಿ ಮುಗಿಯುವ ಕೆಲಸ.

ಉದಾಹರಣೆಗೆ ಒಂದು ಕಲ್ಪಿತ ಧಾರಾವಾಹಿ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಕಿರಾಣಿ ಅಂಗಡಿ ಈರಪ್ಪ, ಹೆಂಡತಿ ಗಂಗವ್ವ, ಮಗ ರವಿ, ಮೈಸೂರಿನಿಂದ ಬಂದ ಸೊಸೆ ಶಾರದಾ, ಅಂಗಡಿಯ ಆಳು ಮಲ್ಯಾ. ಕತೆ 1974ರಲ್ಲಿ ಶುರುವಾಗಿ 1999ರವರೆಗೆ ನಡೆಯುತ್ತದೆ.

ಕೈ ಹಾಕುವ ಮುನ್ನ

ಕಡತದ ಒಂದು ಪ್ರತಿ ತೆಗೆದು, ದಿನಾಂಕ ಹಾಕಿ, ಬೇರೆ ಕಡೆ ಇಡಿ. ತಿದ್ದುವುದೆಲ್ಲ ಇನ್ನೊಂದು ಪ್ರತಿಯಲ್ಲಿ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಆಯ್ಕೆಯನ್ನು ಕನ್ನಡದಲ್ಲಿ ಬಳಸಲೇಬೇಡಿ, ಕಾರಣ ಮುಂದೆ ಬರುತ್ತದೆ. ಇನ್ನೂ ಬರೆಯುತ್ತಿರುವ ಕತೆಯಾದರೆ ನಡುವೆ ನಿಂತು ತಿದ್ದಬೇಡಿ. ಕಂಡ ದೋಷವನ್ನು ಒಂದು ಹಾಳೆಯಲ್ಲಿ ಕಂತಿನ ಸಂಖ್ಯೆಯೊಂದಿಗೆ ಬರೆದಿಟ್ಟು ಮುಂದುವರಿಯಿರಿ. ಹದಿನೈದನೇ ಕಂತಿನಲ್ಲಿ ನಿಂತು ಮೊದಲ ಹತ್ತನ್ನು ತಿದ್ದಲು ಹೋದ ಕತೆಗಳಲ್ಲಿ ಹದಿನಾರನೇ ಕಂತು ಕಾಣದವೇ ಹೆಚ್ಚು.

ಲಕ್ಷಣ 1: "ಇವಳು ಬೇರೆ ಶಾರದೆಯಾ? ಮೊದಲಿನವಳೇನಾ?"

ಓದುಗ ಹೆಸರಿನಲ್ಲೇ ಎಡವುತ್ತಿದ್ದಾನೆ. ಕಾರಣ ಮೂರರಲ್ಲಿ ಒಂದು.

ಮೊದಲನೆಯದು, ಒಂದೇ ಹೆಸರಿಗೆ ಹಲವು ರೂಪ: ಶಾರದ, ಶಾರದಾ, ಶಾರದೆ, ಶಾರದಮ್ಮ. ಮಾತಿನಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಕರೆಯಬಹುದು, ಅದು ಸಹಜ. ಆದರೆ ನಿರೂಪಣೆ ಒಂದೇ ರೂಪ ಹಿಡಿಯಬೇಕು, ಮತ್ತು ಆ ರೂಪಕ್ಕೆ ವಿಭಕ್ತಿ ಹೇಗೆ ಸೇರುತ್ತದೆ ಎಂಬುದನ್ನೂ ನಿರ್ಧರಿಸಿಡಬೇಕು. 'ಶಾರದಳಿಗೆ' ಬರೆಯುತ್ತೀರೋ 'ಶಾರದೆಗೆ' ಬರೆಯುತ್ತೀರೋ? ಎರಡೂ ನಡೆಯುತ್ತದೆ, ಒಂದೇ ಪುಟದಲ್ಲಿ ಎರಡೂ ನಡೆಯುವುದಿಲ್ಲ.

ಎರಡನೆಯದು, ಹೋಲುವ ಹೆಸರುಗಳು. ಸುಮಾ, ಸುಧಾ, ಸುಜಾತಾ ಮೂವರೂ ಒಂದೇ ಮನೆಯಲ್ಲಿದ್ದರೆ ಓದುಗ ಮೊದಲ ಅಕ್ಷರ ನೋಡಿ ಮುಂದೆ ಹೋಗುತ್ತಾನೆ, ಅಷ್ಟರಲ್ಲಿ ಸುಧಾ ಆಡಿದ ಮಾತು ಸುಮಾಳ ಖಾತೆಗೆ ಬಿದ್ದಿರುತ್ತದೆ. ಆಮೇಲೆ "ಸುಮಾ ಮೊದಲು ಹೀಗಿರಲಿಲ್ಲ" ಎಂಬ ದೂರು ಬರುತ್ತದೆ. ಪಾತ್ರಗಳ ಹೆಸರನ್ನೆಲ್ಲ ಒಂದೇ ಸಾಲಿನಲ್ಲಿ ಬರೆದು ಮೊದಲ ಅಕ್ಷರಗಳನ್ನು ನೋಡಿ. ಆಗಾಗ ಒಟ್ಟಿಗೆ ಬರುವ ಇಬ್ಬರಿಗೆ ಒಂದೇ ಅಕ್ಷರ ಇರದಿದ್ದರೆ ಸಾಕು.

ಮೂರನೆಯದು ಕಂಪ್ಯೂಟರಿನದು, ಕಣ್ಣಿಗೆ ಕಾಣದ್ದು. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬರೆದು ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿದ ಕಡತಗಳಲ್ಲಿ 'ಸೂರ್ಯ' ಒಂದು ಕಡೆ 'ಸೂರ‍್ಯ' ಎಂದು ಕೂತಿರಬಹುದು. 'ಅನಿಲ್‌ನ' ಎಂಬುದರ ನಡುವೆ ಕಾಣದ ಒಂದು ಸಂಕೇತ ಇರುತ್ತದೆ, ಅದಿಲ್ಲದಿದ್ದರೆ ಅದು 'ಅನಿಲ್ನ'. 'ೊ', 'ೋ' ಮುಂತಾದ ಸ್ವರ ಚಿಹ್ನೆಗಳು ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ತುಂಡುಗಳ ಜೋಡಣೆಯಾಗಿಯೂ ಇರಬಹುದು. ಕಾಣಲು ಎರಡೂ ಒಂದೇ, ಆದರೆ ಕೆಲವು ತಂತ್ರಾಂಶಗಳ ಹುಡುಕಾಟಕ್ಕೆ ಅವು ಬೇರೆ ಬೇರೆ. "ಹುಡುಕಿದೆ, ಒಂದೇ ರೂಪ ಇದೆ" ಎಂದು ನಿಶ್ಚಿಂತರಾಗುವ ಮೊದಲು ಹೆಸರಿನ ಮೊದಲ ಒಂದೆರಡು ಅಕ್ಷರ ಮಾತ್ರ ಹಾಕಿ ಹುಡುಕಿ. ವಿಭಕ್ತಿ ಸೇರಿದ ರೂಪಗಳೂ ಆಗಲೇ ಸಿಗುವುದು.

ಎಚ್ಚರಿಕೆ: 'ರವಿ'ಯ ಹೆಸರನ್ನು 'ಕಿರಣ' ಮಾಡಬೇಕೆಂದು ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ 'ರವಿಕೆ' ಹೋಗಿ 'ಕಿರಣಕೆ' ಆಗುತ್ತದೆ, 'ಊರು ದೂರವಿದೆ' ಎಂಬುದು 'ಊರು ದೂಕಿರಣದೆ' ಆಗುತ್ತದೆ. 'ರವಿಯ' ಎಂಬಲ್ಲಿ 'ಕಿರಣಯ' ಉಳಿಯುತ್ತದೆ. ಒಂದೊಂದಾಗಿ ನೋಡಿ ಬದಲಿಸಿ. ಹೆಸರು ಬದಲಿಸಲೇಬೇಕಾದರೆ ಅದೇ ಸ್ವರದಲ್ಲಿ ಮುಗಿಯುವ ಹೆಸರು ಆರಿಸಿ: ರವಿ ಹೋಗಿ ಶಶಿ ಬಂದರೆ ಕನಿಷ್ಠ ವಿಭಕ್ತಿಗಳು ಉಳಿಯುತ್ತವೆ.

ಲಕ್ಷಣ 2: "ಮೊನ್ನೆ ಮೊನ್ನೆ ಮದುವೆಯಾಯ್ತು, ಆಗಲೇ ಮಗ ಕಾಲೇಜಿಗೆ ಹೋಗ್ತಿದ್ದಾನೆ?"

ಒಂದು ಕೋಷ್ಟಕ ಸಾಕು. ಎಡಗಡೆ ಇಸವಿ, ಪಕ್ಕದಲ್ಲಿ ಆ ವರ್ಷದ ಘಟನೆ ಮತ್ತು ಕಂತು, ಆಮೇಲೆ ಒಂದೊಂದು ಪಾತ್ರಕ್ಕೆ ಒಂದೊಂದು ಅಂಕಣ, ಅದರಲ್ಲಿ ಆ ವರ್ಷದ ವಯಸ್ಸು. ಈರಪ್ಪ ಹುಟ್ಟಿದ್ದು 1938, ರವಿ 1966 ಎಂದಿಟ್ಟುಕೊಂಡರೆ ಕತೆ ಶುರುವಾಗುವಾಗ ಈರಪ್ಪನಿಗೆ 36, ರವಿಗೆ 8. ಇಪ್ಪತ್ತನೇ ಕಂತು 1992ರಲ್ಲಿ ನಡೆದರೆ ಈರಪ್ಪನಿಗೆ 54. ಅಲ್ಲಿ ನೀವು "ಎಪ್ಪತ್ತು ದಾಟಿದ ಮುದುಕ" ಎಂದು ಬರೆದಿದ್ದರೆ ಹದಿನಾರು ವರ್ಷ ಎಲ್ಲಿಂದಲೋ ಬಂದು ಸೇರಿಕೊಂಡಿದೆ. ಇದು ತುಂಬ ಸಾಮಾನ್ಯ. ಮಗ ದೊಡ್ಡವನಾದ ಕೂಡಲೇ ಅಪ್ಪನನ್ನು ಮುದುಕ ಮಾಡಿಬಿಡುತ್ತೇವೆ.

ಕೋಷ್ಟಕ ತುಂಬಿದ ಮೇಲೆ ಹೊರಗಿನ ಇಸವಿಗಳ ಜತೆ ತಾಳೆ ನೋಡಿ. 1966ರಲ್ಲಿ ಹುಟ್ಟಿದವನು ಎಸ್ಸೆಸ್ಸೆಲ್ಸಿ ಮುಗಿಸುವುದು 1982ರ ಸುಮಾರಿಗೆ, ಪಿಯುಸಿ 1984ಕ್ಕೆ, ಬಿ.ಕಾಂ. 1987ಕ್ಕೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ, ಹಾಗಾಗಿ ರವಿ 1985ರ ವಿಧಾನಸಭಾ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಈರಪ್ಪನ ಬಾಲ್ಯದಲ್ಲಿ ಹುಬ್ಬಳ್ಳಿ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಆದ್ದರಿಂದ ಅವನು ಹೇಳಿಕೊಳ್ಳುವುದು "ಮುಲ್ಕಿ (ಅಲ್ಲಿನ ಏಳನೇ ಇಯತ್ತೆಯ ಪರೀಕ್ಷೆ) ಪಾಸಾಗೇನಿ" ಅಂತ. ಹಳೆ ಮೈಸೂರಿನಲ್ಲಿ ಓದಿದ ಅವನ ಬೀಗರ ಬಾಯಲ್ಲಿ ಆ ಮಾತು ಬರುವಂತಿಲ್ಲ. 1957ರ ಏಪ್ರಿಲ್‌ಗೆ ಮುಂಚೆ ರೂಪಾಯಿಗೆ ಹದಿನಾರು ಆಣೆ, ಆಮೇಲೆ ನೂರು ಪೈಸೆ. ಆದರೆ ಈರಪ್ಪನಂಥ ಅಂಗಡಿಕಾರ 1980ರಲ್ಲೂ ಐವತ್ತು ಪೈಸೆಗೆ 'ಎಂಟಾಣೆ' ಎಂದೇ ಅನ್ನುತ್ತಾನೆ. ಅದು ದೋಷವಲ್ಲ, ಅವನ ಗುರುತು. ಅಳಿಸಬೇಡಿ.

ಸಂವತ್ಸರದ ಹೆಸರು ಬಂದಿದ್ದರೆ ಅದನ್ನೂ ನೋಡಿ. 1938ರ ಯುಗಾದಿಗೆ ಶುರುವಾದದ್ದು ಬಹುಧಾನ್ಯ, ಅದು ಮರಳಿ ಬಂದದ್ದು 1998ರಲ್ಲಿ. ಈರಪ್ಪನ ಅರವತ್ತರ ಶಾಂತಿ ಅದಕ್ಕೆ ಮುಂಚೆ ನಡೆಯುವುದಿಲ್ಲ. ಹಾಗೆಯೇ, ಮಾತಿನ ನಡುವೆ ಹೇಳುವುದಾದರೆ, ದೀಪಾವಳಿ ಅಮಾವಾಸ್ಯೆಯ ರಾತ್ರಿ ಶಾರದಾ ಬೆಳದಿಂಗಳಲ್ಲಿ ಅಳುತ್ತ ಕೂರುವುದು ಸಾಧ್ಯವಿಲ್ಲ. ಹೀಗೆ ಬರೆದವರು ಒಬ್ಬಿಬ್ಬರಲ್ಲ.

ಇಸವಿಯನ್ನೇ ಹೇಳದ ಕತೆಗೂ ಈ ಕೋಷ್ಟಕ ಬೇಕು. ಓದುಗನಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ, ನಿಮಗಂತೂ ಗೊತ್ತಿರಲೇಬೇಕು.

ಲಕ್ಷಣ 3: "ಇವನು ಎಡಚ ಅಲ್ವಾ? ಕನ್ನಡಕ ಎಲ್ಲಿ ಹೋಯ್ತು?"

ದೇಹದ ಗುರುತು ಮತ್ತು ಸಾಮಾನು. ಪಾತ್ರದ ಹಾಳೆಯಲ್ಲಿ ಇವಿಷ್ಟೇ ಬರೆಯಿರಿ: ಎತ್ತರ (ಮನೆಯಲ್ಲಿ ಯಾರಿಗಿಂತ ಎತ್ತರ, ಯಾರಿಗಿಂತ ಗಿಡ್ಡ), ಯಾವ ಕೈ, ಕಣ್ಣು ಕಿವಿಯ ತೊಂದರೆ, ಗಾಯದ ಗುರುತು ಯಾವ ಬದಿ, ಮೈಮೇಲೆ ಸದಾ ಇರುವ ವಸ್ತು, ಏನು ತಿನ್ನುವುದಿಲ್ಲ. ಇಪ್ಪತ್ತು ಗುಣಗಳ ಉದ್ದ ಪಟ್ಟಿ ಮಾಡಿದರೆ ನೀವೇ ಅದನ್ನು ತೆರೆದು ನೋಡುವುದಿಲ್ಲ.

ವಾಸಿಯಾಗುವ ಕಾಲದ ಲೆಕ್ಕ ತಪ್ಪುವುದು ಹೆಚ್ಚು. ಮುಂಗೈ ಮುರಿದರೆ ಪ್ಲಾಸ್ಟರ್ ಸುಮಾರು ಆರು ವಾರ, ತೊಡೆ ಮೂಳೆಯಾದರೆ ಮೂರು ತಿಂಗಳಿಗೂ ಮೇಲೆ. ಕೂದಲು ತಿಂಗಳಿಗೆ ಬೆಳೆಯುವುದು ಒಂದು, ಒಂದೂಕಾಲು ಸೆಂಟಿಮೀಟರ್. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಗಂಗವ್ವ ಮೂರನೇ ತಿಂಗಳಿಗೆ ತುರುಬು ಕಟ್ಟಲಾರಳು.

ಲಕ್ಷಣ 4: "ಗಂಡನಿಗೆ ಒಮ್ಮೆ ನೀವು ಅಂತಾಳೆ, ಒಮ್ಮೆ ನೀನು ಅಂತಾಳೆ"

ಕನ್ನಡ ಕತೆಯಲ್ಲಿ ಪಾತ್ರ ಬೇಗ ಬಿರುಕು ಬಿಡುವುದು ಇಲ್ಲೇ. ಯಾರು ಯಾರಿಗೆ ಏನೆನ್ನುತ್ತಾರೆ ಎಂಬುದನ್ನು ಪ್ರತಿ ವಾಕ್ಯದ ಕ್ರಿಯಾಪದವೂ ಹೇಳುತ್ತದೆ. ಬಚ್ಚಿಡಲು ಜಾಗವೇ ಇಲ್ಲ. ಒಂದು ಪ್ರತ್ಯಯ ತಪ್ಪಿದರೆ ಒಂದು ಸಂಬಂಧವೇ ತಪ್ಪಿದಂತೆ.

ಪರೀಕ್ಷೆ ಹೀಗೆ. ಚೌಕಳಿ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಮಾತಾಡುವವರು, ಮೇಲೆ ಕೇಳುವವರು. ಐದು ಪಾತ್ರಕ್ಕೆ ಇಪ್ಪತ್ತು ಮನೆ, ಎಂಟಕ್ಕೆ ಐವತ್ತಾರು. ಎಲ್ಲ ತುಂಬಬೇಕಿಲ್ಲ, ಎದುರಾಬದುರು ಆಗುವವರದು ಸಾಕು. ಪ್ರತಿ ಮನೆಯಲ್ಲಿ ಮೂರು ಸಂಗತಿ: ಸರ್ವನಾಮ (ನೀನು, ನೀವು, ತಾವು), ಕರೆಯುವ ಪದ, ಮತ್ತು ಆ ವ್ಯಕ್ತಿ ಎದುರಿಗಿಲ್ಲದಾಗ ಅವರ ಬಗ್ಗೆ ಮಾತಾಡುವ ರೀತಿ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಮಲ್ಯಾ ಎದುರಿಗೆ "ಸಾವ್ಕಾರ್ರ, ಬರ್ರಿ" ಅನ್ನುತ್ತಾನೆ, ಹಿಂದಿನಿಂದ "ಈರಪ್ಪ ಬಂದಿದ್ದ" ಅನ್ನುತ್ತಾನೆ. ಈ ಎರಡರ ನಡುವಿನ ಅಂತರದಲ್ಲಿ ಮಲ್ಯಾ ಯಾರು ಎಂಬುದು ಇದೆ. ನಡುವೆ ಒಂದು ಕಂತಿನಲ್ಲಿ ಅವನು ಹಿಂದಿನಿಂದಲೂ "ಸಾವ್ಕಾರ್ರು" ಅಂದುಬಿಟ್ಟರೆ ಓದುಗ ಕಾರಣ ಹುಡುಕುತ್ತಾನೆ. ಕಾರಣ ಇಲ್ಲದಿದ್ದರೆ ಅಲ್ಲಿ ಪಾತ್ರ ಕುಸಿಯಿತು.

ಚೌಕಳಿಯ ಜತೆ ಕತೆಯನ್ನು ಇಟ್ಟು ನೋಡುವಾಗ ಸಿಗುವ ವ್ಯತ್ಯಾಸಗಳಲ್ಲಿ ಕೆಲವು ದೋಷ, ಕೆಲವು ಅಲ್ಲ. ಸಿಟ್ಟಿನಲ್ಲಿ ಬಹುವಚನ ಏಕವಚನಕ್ಕೆ ಇಳಿಯುವುದು, ದೂರವಾದವರು ಏಕವಚನದಿಂದ ತಣ್ಣನೆ ಬಹುವಚನಕ್ಕೆ ಏರುವುದು, ನಾಲ್ಕು ಜನರ ಮುಂದೆ 'ರೀ' ಅನ್ನುವವಳು ಕೋಣೆಯಲ್ಲಿ ಹೆಸರು ಹಿಡಿಯುವುದು, ಇವೆಲ್ಲ ಸರಿ. ಆದರೆ ಎದುರಿನವರಿಗೆ ಅದು ಕೇಳಿಸಬೇಕು. ಶಾರದಾ ರವಿಗೆ ಮೊದಲ ಸಲ 'ನೀನು' ಅಂದಾಗ ರವಿ ತಲೆ ಎತ್ತಿ ನೋಡಬೇಕು, ಅಥವಾ ನೋಡದೆ ಇರುವುದೇ ಒಂದು ಸಂಗತಿಯಾಗಬೇಕು. ಯಾರಿಗೂ ತಟ್ಟದೆ ಬದಲಾದ ಸರ್ವನಾಮ ಬರೆದವರ ಮರೆವು.

ಬಂಧುವಾಚಕಗಳಲ್ಲಿ ತಪ್ಪಿದರೆ ಹಾನಿ ಇನ್ನೂ ದೊಡ್ಡದು. ರವಿಯ ಸೋದರಮಾವನ ಮಗಳು ಅವನಿಗೆ ವರಸೆಯವಳು. ನಮ್ಮ ಹಲವು ಸಮುದಾಯಗಳಲ್ಲಿ ಅವರ ನಡುವೆ ಮದುವೆ ಆಗಬಹುದು. ಎರಡನೇ ಕಂತಿನಲ್ಲಿ 'ಮಾವಾ' ಎಂದು ಕೀಟಲೆ ಮಾಡಿದ ಆ ಹುಡುಗಿ ಇಪ್ಪತ್ತೆರಡರಲ್ಲಿ 'ಅಣ್ಣಾ' ಅಂದರೆ ಅದು ಬರಿಯ ಪದ ತಪ್ಪಿದ್ದಲ್ಲ, ಒಂದು ಸಾಧ್ಯತೆಯ ಬಾಗಿಲು ಮುಚ್ಚಿದಂತೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು ಅಣ್ಣ ತಂಗಿಯರ ಸಾಲಿಗೆ, ಸೋದರಮಾವ ಸೋದರತ್ತೆಯ ಮಕ್ಕಳು ಆಚೆ ಸಾಲಿಗೆ. ವಂಶವೃಕ್ಷ ಬರೆದು ಪ್ರತಿ ಗೆರೆಯ ಮೇಲೆ ಎರಡೂ ದಿಕ್ಕಿನ ಪದ ಬರೆದುಕೊಳ್ಳಿ. ತಾಯಿಯನ್ನು ಕರೆಯುವ ಪದವನ್ನಂತೂ ಬದಲಿಸಲೇಬೇಡಿ: ಅವ್ವ, ಅಮ್ಮ, ಆಯಿ, ಅಬ್ಬೆ, ಒಬ್ಬ ಮನುಷ್ಯನಿಗೆ ಒಂದೇ.

ಇನ್ನು ನಿರೂಪಣೆಯ ವಚನ. "ಈರಪ್ಪನವರು ಗಲ್ಲೆ ಮೇಲೆ ಕುಳಿತಿದ್ದರು" ಎಂದು ಶುರುವಾದ ಕತೆ ಹದಿನಾಲ್ಕನೇ ಕಂತಿನಲ್ಲಿ "ಈರಪ್ಪ ಕುಳಿತಿದ್ದ" ಎಂದಾಗಿದ್ದರೆ ಎರಡು ಸಾಧ್ಯತೆ. ಕಂತು ಬೇರೆ ಪಾತ್ರದ ಕಣ್ಣಿನಿಂದ ಬರುತ್ತಿದ್ದರೆ ಅದು ಸರಿ: ಶಾರದಾಳ ಕಣ್ಣಲ್ಲಿ ಮಾವ ಬಹುವಚನ, ಗಂಗವ್ವನ ಕಣ್ಣಲ್ಲಿ ಗಂಡನೂ ಬಹುವಚನವೇ, ಬಾಲ್ಯದ ಗೆಳೆಯನ ಕಣ್ಣಲ್ಲಿ ಏಕವಚನ. ಯಾರ ಕಣ್ಣೂ ಅಲ್ಲದೆ ನೀವೇ ನೇರ ಹೇಳುತ್ತಿದ್ದರೆ ಒಂದನ್ನು ಹಿಡಿದು ಕೊನೆತನಕ ಉಳಿಸಿ. ಮೇಲ್ಜಾತಿಯ, ಹಣವಂತ ಪಾತ್ರಗಳಿಗೆ ನಿರೂಪಕ ಬಹುವಚನ ಕೊಟ್ಟು ಆಳುಕಾಳುಗಳಿಗೆ ಏಕವಚನ ಕೊಡುವುದು ಅಭ್ಯಾಸಬಲದಿಂದ ಬಂದದ್ದೋ, ಬೇಕೆಂದೇ ಮಾಡಿದ್ದೋ, ಒಮ್ಮೆ ಕೇಳಿಕೊಳ್ಳಿ. ಎಂಬತ್ತು ವರ್ಷದ ಆಳು 'ಬಂದ', ಮೂವತ್ತರ ಸಾಹುಕಾರನ ಮಗ 'ಬಂದರು' ಎಂದಿದ್ದರೆ ಇಂದಿನ ಓದುಗ ಅದನ್ನು ಪಾತ್ರದ ಮೇಲಲ್ಲ, ನಿಮ್ಮ ಮೇಲೆ ಹಾಕುತ್ತಾನೆ.

ಲಕ್ಷಣ 5: "ಎಲ್ಲರೂ ಒಂದೇ ಥರ ಮಾತಾಡ್ತಾರೆ", ಅಥವಾ "ಹುಬ್ಬಳ್ಳಿಯವನು ಮೈಸೂರಿನವನಾಗಿಬಿಟ್ಟ"

ಎರಡಕ್ಕೂ ಒಂದೇ ಪರೀಕ್ಷೆ. ಒಂದು ಪಾತ್ರದ ಸಂಭಾಷಣೆಯನ್ನಷ್ಟೇ ಎಲ್ಲ ಕಂತುಗಳಿಂದ ತೆಗೆದು ಬೇರೆ ಕಡತದಲ್ಲಿ ಸಾಲಾಗಿ ಹಾಕಿ, ಗಟ್ಟಿಯಾಗಿ ಓದಿ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ. ಬದಲಾಗುವ ಜಾಗ ಸಾಮಾನ್ಯವಾಗಿ ಜಗಳ, ಸಾವು, ಪ್ರೇಮದ ದೃಶ್ಯಗಳೇ. ಭಾವ ಉಕ್ಕಿದಾಗ ಬರೆಯುವವರ ಸ್ವಂತ ಆಡುಮಾತು ಪಾತ್ರದ ಬಾಯಿಗೆ ನುಗ್ಗುತ್ತದೆ.

ಆಡುಮಾತನ್ನು ಪೂರ್ತಿ ಉಚ್ಚಾರದಂತೆ ಬರೆಯಲು ಹೋಗಬೇಡಿ, ನಾಲ್ಕನೇ ಕಂತಿಗೆ ಕೈ ಸೋಲುತ್ತದೆ. ಪ್ರತಿ ಪಾತ್ರಕ್ಕೆ ಐದಾರು ಗುರುತು ಆರಿಸಿ, ಅವನ್ನು ಬಿಗಿಯಾಗಿ ಹಿಡಿಯಿರಿ. ಅತಿ ಹೆಚ್ಚು ಬಳಕೆಯಾಗುವ ರೂಪಗಳೇ ಒಳ್ಳೆಯ ಗುರುತುಗಳು. 'ಇದೆ' ಎಂಬುದೊಂದೇ ಎಷ್ಟು ಕೆಲಸ ಮಾಡುತ್ತದೆ ನೋಡಿ: ಹುಬ್ಬಳ್ಳಿಯ ಈರಪ್ಪನಿಗೆ 'ಐತಿ', ಧಾರವಾಡದ ಆಚಾರ್ಯರ ಮನೆಯಲ್ಲಿ 'ಅದ', ಮಂಡ್ಯದ ರೈತನಿಗೆ 'ಐತೆ', ಮಂಗಳೂರಿನವರಿಗೆ 'ಉಂಟು', ಮೈಸೂರಿನ ಶಾರದಾಗೆ 'ಇದೆ'. ನಿಷೇಧವೂ ಹಾಗೆಯೇ. ಈರಪ್ಪ 'ಬರಂಗಿಲ್ಲ' ಅನ್ನುತ್ತಾನೆ, ಶಾರದಾ 'ಬರಲ್ಲ' ಅನ್ನುತ್ತಾಳೆ. ಇವೆರಡು, ಜತೆಗೆ 'ಬೇಡ/ಬ್ಯಾಡ', ನಡೆಯುತ್ತಿರುವ ಕೆಲಸ ಹೇಳುವ ರೂಪ ('ಮಾಡಾಕತ್ತೀನಿ', 'ಮಾಡ್ತಾ ಇದ್ದೀನಿ'), ಕರೆಯುವ ಬಾಲ ('ರಿ', 'ಕಣೇ', 'ಮಾರಾಯ್ರೆ'), ಒಂದು ಆಣೆ ಅಥವಾ ಬೈಗುಳ. ಇಷ್ಟು ಬರೆದು ಪರದೆಯ ಪಕ್ಕ ಅಂಟಿಸಿದರೆ ಮುಕ್ಕಾಲು ಕೆಲಸ ಆಯಿತು.

ತಪ್ಪೆಂದು ತಿದ್ದಬಾರದ್ದೂ ಇದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ರವಿ ಆಫೀಸಿನಲ್ಲಿ 'ಇದೆ ಸಾರ್' ಎಂದು, ಅವ್ವನಿಗೆ ಫೋನ್ ಮಾಡಿದಾಗ 'ಐತಿ' ಅಂದರೆ ಅದೇ ನಿಜ. ವರ್ಷಗಟ್ಟಲೆ ಹುಬ್ಬಳ್ಳಿಯಲ್ಲಿದ್ದ ಶಾರದಾಳ ಬಾಯಲ್ಲಿ 'ಹೌದ್ರಿ' ಬರುವುದೂ ನಿಜ. ಆದರೆ ಅದು ಕ್ರಮವಾಗಿ ಬರಬೇಕು. ಮೊದಲು 'ರಿ', ಆಮೇಲೆ ಅಡುಗೆಮನೆಯ ಪದಗಳು, ಎಷ್ಟೋ ಕಾಲದ ಮೇಲೆ ಕ್ರಿಯಾಪದ. ತವರಿನವರು ಬಂದ ದಿನ ಎಲ್ಲ ಮತ್ತೆ ಮೈಸೂರು.

ನಿಮ್ಮದಲ್ಲದ ಆಡುಮಾತಾದರೆ ಇಲ್ಲಿಗೆ ನಿಲ್ಲಿ, ಆ ಭಾಗದವರಿಗೆ ತೋರಿಸಿ. ಸಿನಿಮಾ ನೋಡಿ ಕಲಿತ ಕುಂದಾಪುರ ಕನ್ನಡ ಕುಂದಾಪುರದವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಹವ್ಯಕರ ಮಾತಿನಲ್ಲಿ ಹೆಂಗಸರಿಗೆ ಬರುವ ನಪುಂಸಕ ಲಿಂಗದ ಕ್ರಿಯಾಪದವನ್ನು ಅಚ್ಚಿನ ತಪ್ಪೆಂದು 'ತಿದ್ದಿ' ಕೆಡಿಸಿದ ಕರಡು ತಿದ್ದುವವರೂ ಇದ್ದಾರೆ.

ಲಕ್ಷಣ 6: "ಇದು ಅವಳಿಗೆ ಹೇಗೆ ಗೊತ್ತಾಯ್ತು?"

ನಿಮಗೆ ಗೊತ್ತಿರುವುದೆಲ್ಲ ಪಾತ್ರಗಳಿಗೂ ಗೊತ್ತು ಎಂದು ಕೈ ಬರೆದುಬಿಡುತ್ತದೆ. ಕತೆಯ ಪ್ರತಿ ಗುಟ್ಟಿಗೂ ಒಂದು ಸಾಲು ಇಡಿ: ಗುಟ್ಟು ಏನು, ಯಾರಿಗೆ ಗೊತ್ತು, ಯಾವ ಕಂತಿನಿಂದ, ಯಾರಿಂದ. ರವಿ ಅಂಗಡಿಯನ್ನು ನಲವತ್ತು ಸಾವಿರಕ್ಕೆ ಒತ್ತೆ ಇಟ್ಟದ್ದು ಶಾರದಾಗೆ ಹದಿನೈದನೇ ಕಂತಿನಲ್ಲಿ ತಿಳಿಯಿತು, ಗಂಗವ್ವನಿಗೆ ಇಪ್ಪತ್ನಾಲ್ಕರಲ್ಲಿ. ಹತ್ತೊಂಬತ್ತರಲ್ಲಿ ಗಂಗವ್ವ "ಸಾಲ ಮಾಡೋನು ನೀ, ತೀರಿಸೋರು ನಾವು" ಎಂದು ಹಂಗಿಸಿದರೆ ದೋಷ ಸಿಕ್ಕಿತು. ಪುಸ್ತಕವಾದರೆ ಹಿಂದಿನ ಅಧ್ಯಾಯದಲ್ಲಿ ಒಂದು ಸಾಲು ಸೇರಿಸಿ. ಹಿಂದಿನ ಕಂತು ಅಚ್ಚಾಗಿ ಹೋಗಿದ್ದರೆ ಮುಂದೆ ಸರಿಪಡಿಸಿ: ಗಂಗವ್ವ ಆಗಲೇ ಮಲ್ಯಾನಿಂದ ಕೇಳಿದ್ದಳು, ತಿಳಿಯದವಳಂತೆ ಇದ್ದಳು. ಕೆಲವು ಸಲ ಇಂಥ ರಿಪೇರಿ ಮೂಲ ಯೋಜನೆಗಿಂತ ಚೆನ್ನಾಗಿರುತ್ತದೆ.

ಇದರ ಉಲ್ಟಾ ರೂಪ ಹೆಚ್ಚು ಸಾಮಾನ್ಯ, ಆದರೆ ಕಣ್ಣಿಗೆ ಬೀಳುವುದು ಕಡಿಮೆ: ತಿಳಿದದ್ದನ್ನು ಪಾತ್ರ ಮರೆಯುವುದು. ಗಂಡ ಅಂಗಡಿ ಒತ್ತೆ ಇಟ್ಟದ್ದು ತಿಳಿದ ಮರು ಕಂತಿನಲ್ಲೇ ಶಾರದಾ ಹಬ್ಬದ ಸೀರೆಗೆ ಹಟ ಹಿಡಿದರೆ ಓದುಗ "ಗುಣ ಬದಲಾಯ್ತು" ಅನ್ನುತ್ತಾನೆ. ಗುಣ ಬದಲಾಗಿಲ್ಲ, ಗಾಯ ಮಾಯವಾಗಿದೆ. ದೊಡ್ಡ ಘಟನೆಯ ನಂತರದ ಮೂರು ಕಂತುಗಳನ್ನು ಅದೊಂದನ್ನೇ ಮನಸ್ಸಿನಲ್ಲಿಟ್ಟು ಓದಿ. ಪಾತ್ರ ಅದರ ಬಗ್ಗೆ ಮಾತಾಡಲೇಬೇಕೆಂದಿಲ್ಲ, ಅದರ ಸುತ್ತ ಬಳಸಿ ಹೋಗುವುದಾದರೂ ಕಾಣಬೇಕು.

ಲಕ್ಷಣ 7: "ಈರಪ್ಪ ಹಿಂಗ ಮಾಡೋನಲ್ಲ"

ಮೇಲಿನ ಆರೂ ಸರಿಯಿದ್ದು ಈ ಮಾತು ಬಂದರೆ ಮಾತ್ರ ಪಾತ್ರದ ಒಳಗೆ ಕೈ ಹಾಕಿ. ಉದಾಹರಣೆ: ಮೂರನೇ ಕಂತಿನಲ್ಲಿ ಈರಪ್ಪ ಎಂಟಾಣೆ ಬಾಕಿ ವಸೂಲಿಗೆ ಉರಿಬಿಸಿಲಲ್ಲಿ ಎರಡು ಓಣಿ ನಡೆಯುತ್ತಾನೆ. ಇಪ್ಪತ್ತೇಳರಲ್ಲಿ ಮಲ್ಯಾನ ನಾಲ್ಕು ಸಾವಿರ ಸಾಲ ಮನ್ನಾ ಮಾಡುತ್ತಾನೆ. ಓದುಗ ಒಪ್ಪುವುದಿಲ್ಲ.

ಮೊದಲು ರೋಗ ಯಾವುದೆಂದು ಗುರುತಿಸಿ. ಕತೆ ಮುಂದೆ ಹೋಗಲು ಮಲ್ಯಾ ಊರು ಬಿಡಬೇಕಿತ್ತು, ಅದಕ್ಕೆ ಸಾಲ ತೀರಬೇಕಿತ್ತು, ಹಾಗಾಗಿ ಈರಪ್ಪನ ಕೈಯಿಂದ ಮಾಡಿಸಿದಿರೇ? ಹಾಗಿದ್ದರೆ ಈರಪ್ಪನನ್ನು ತಿದ್ದಬೇಡಿ, ಮಲ್ಯಾನಿಗೆ ಬೇರೆ ದಾರಿ ಹುಡುಕಿ, ಅದೇ ಅಗ್ಗ. ಅಥವಾ ಈರಪ್ಪ ಬದಲಾದದ್ದು ನಿಮ್ಮ ತಲೆಯಲ್ಲಿ ನಡೆದು ಕಾಗದಕ್ಕೆ ಇಳಿಯಲಿಲ್ಲವೇ? ಅಥವಾ ಎಲ್ಲ ಸರಿಯಿದ್ದು, ಮೊದಲ ಕಂತಿನಲ್ಲಿ ನಿರೂಪಕನೇ "ಜನ್ಮದಲ್ಲಿ ಒಂದು ಬಿಡಿಗಾಸು ಬಿಟ್ಟವನಲ್ಲ" ಎಂದು ತೀರ್ಪು ಕೊಟ್ಟುಬಿಟ್ಟಿದ್ದಾನೆಯೇ? ಮೂರನೆಯದಾದರೆ ಆ ಒಂದು ವಾಕ್ಯವನ್ನು ಊರವರ ಬಾಯಿಗೆ ವರ್ಗಾಯಿಸಿ. ಊರವರು ತಪ್ಪಬಹುದು, ನಿರೂಪಕ ತಪ್ಪುವಂತಿಲ್ಲ.

ಎರಡನೆಯದಾದರೆ ನಿಜವಾದ ಕೆಲಸವಿದೆ. ಜಿಪುಣತನ ಗುಣವಲ್ಲ, ಯಾವುದೋ ಭಯದ ಹೊರಮೈ. ಭಯ ಯಾವುದೆಂದು ಒಂದು ವಾಕ್ಯದಲ್ಲಿ ಬರೆಯಿರಿ: ಈರಪ್ಪ ಹುಡುಗನಾಗಿದ್ದಾಗ ಅವರಪ್ಪನ ಅಂಗಡಿ ಸಾಲಕ್ಕೆ ಜಪ್ತಿಯಾಯಿತು, ಪಾತ್ರೆಗಳನ್ನು ಓಣಿಗೆ ತಂದು ಇಟ್ಟರು. ಈಗ ಎಂಟಾಣೆಗೆ ನಡೆಯುವವನೂ ಸಾಲ ಮನ್ನಾ ಮಾಡುವವನೂ ಒಬ್ಬನೇ ಆಗಬಲ್ಲ, ಮಲ್ಯಾನ ಮನೆಯ ಪಾತ್ರೆಗಳು ಸಾಲ ಕೊಟ್ಟ ಬೇರೊಬ್ಬನ ಕೈಯಲ್ಲಿ ಓಣಿಗೆ ಬಂದದ್ದನ್ನು ಅವನು ಕಂಡರೆ. ಇದನ್ನು ಇಪ್ಪತ್ತಾರನೇ ಕಂತಿನಲ್ಲಿ ನೆನಪಿನ ರೂಪದಲ್ಲಿ ತುರುಕಬೇಡಿ. ಘಟನೆಯ ಪಕ್ಕದಲ್ಲೇ ಬಂದ ಕಾರಣ ತೇಪೆಯಂತೆ ಎದ್ದು ಕಾಣುತ್ತದೆ. ಮೂರು ಸಣ್ಣ ಗುರುತು, ದೂರ ದೂರ: ಆರನೇ ಕಂತಿನಲ್ಲಿ ಹರಾಜಿನ ಡಂಗುರ ಕೇಳಿ ಅಂಗಡಿಯ ಅರ್ಧ ಬಾಗಿಲು ಎಳೆಯುತ್ತಾನೆ, ಹದಿಮೂರರಲ್ಲಿ ಅಪ್ಪನ ಹಳೆ ತಕ್ಕಡಿ ಮಾರಲು ಒಪ್ಪುವುದಿಲ್ಲ, ಬೆಲೆ ಸಾಲದು ಎಂಬ ನೆಪ ಹೇಳುತ್ತಾನೆ, ಇಪ್ಪತ್ತೊಂದರಲ್ಲಿ ಮಲ್ಯಾನ ಬಳಿ ಬಾಕಿ ಕೇಳಬೇಕಾದ ದಿನ ಬೇರೆ ಮಾತೆತ್ತುತ್ತಾನೆ. ಯಾವುದಕ್ಕೂ ವಿವರಣೆ ಕೊಡಬೇಡಿ.

ಆಮೇಲೆ ಕೃತ್ಯ ಅವನ ರೀತಿಯಲ್ಲೇ ನಡೆಯಲಿ. ಈರಪ್ಪ ತಬ್ಬಿಕೊಂಡು "ಹೋಗು, ಸಾಲ ಬಿಟ್ಟೇನಿ" ಅನ್ನುವುದಿಲ್ಲ. ಖಾತೆ ಪುಸ್ತಕ ತೆಗೆದು ಮಲ್ಯಾನ ಪುಟಕ್ಕೆ ಅಡ್ಡಗೆರೆ ಎಳೆಯುತ್ತಾನೆ, ಆ ವಾರದ ಪಗಾರದಲ್ಲಿ ಚಹಾದ ಐದು ರೂಪಾಯಿ ಮುರಿದುಕೊಳ್ಳುತ್ತಾನೆ. ಆ ಐದು ರೂಪಾಯಿ ಇದ್ದರೆ ಮನ್ನಾ ಆದ ನಾಲ್ಕು ಸಾವಿರವನ್ನು ಓದುಗ ನಂಬುತ್ತಾನೆ.

ಹಿಂದಿನ ಕಂತುಗಳು ಅಚ್ಚಾಗಿದ್ದರೆ ಕಥೆಯೊಳಗಿನ ಒಬ್ಬರು ಓದುಗನ ಪ್ರಶ್ನೆಯನ್ನೇ ಕೇಳಲಿ. "ಇವರಿಗೇನಾತು ಇವತ್ತ?" ಎಂದು ಗಂಗವ್ವ ಬೆರಗಾದರೆ ಓದುಗನಿಗೆ ಇದು ನಿಮಗೆ ಗೊತ್ತಿದ್ದೇ ಮಾಡಿದ್ದು ಎಂಬ ಭರವಸೆ ಬರುತ್ತದೆ. ಈ ಉಪಾಯ ಒಂದು ಕತೆಯಲ್ಲಿ ಒಂದೇ ಸಲ ನಡೆಯುತ್ತದೆ. ಮುಂದಿನ ಎರಡು ಮೂರು ಕಂತಿನೊಳಗೆ ಕಾರಣ ಸಿಗಲೇಬೇಕು.

ಕೊನೆಯ ತಪಾಸಣೆ: ಅದೇ ದೃಶ್ಯದಲ್ಲಿ ಈರಪ್ಪನ ಬದಲು ರವಿಯನ್ನು ಇಟ್ಟು ಓದಿ. ಒಂದು ಸಾಲೂ ಬದಲಾಗದೆ ದೃಶ್ಯ ನಡೆದರೆ ಅಲ್ಲಿ ಈರಪ್ಪ ಇರಲೇ ಇಲ್ಲ.

ಲಕ್ಷಣ 8: "ಯಾವಾಗ ನೋಡಿದರೂ ಮೀಸೆ ತಿರುವುತ್ತಾನೆ"

ಇದು ಅತಿಯಾದ ಔಷಧದ ಪರಿಣಾಮ. ಪಾತ್ರ ತಪ್ಪಬಾರದೆಂದು ಒಂದೇ ಚೇಷ್ಟೆ, ಒಂದೇ ಮಾತನ್ನು ಪ್ರತಿ ಪ್ರವೇಶದಲ್ಲೂ ಹಾಕಿರುತ್ತೀರಿ. ಹುಡುಕಿ ಎಣಿಸಿ. ಮುನ್ನೂರು ಪುಟಕ್ಕೆ ಐದಾರು ಸಲ ಸಾಕು, ಅದರಲ್ಲಿ ಒಂದು ಸಲವಾದರೂ ಅದು ತಪ್ಪಬೇಕು. ಯಂತ್ರದಂತೆ ಒಂದೇ ಥರ ಇರುವ ಪಾತ್ರಕ್ಕಿಂತ ಅಲ್ಲಲ್ಲಿ ತನ್ನನ್ನೇ ಸುಳ್ಳು ಮಾಡುವ ಪಾತ್ರ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಒಬ್ಬ ಓದುಗನ ದೂರು ಅಭಿಪ್ರಾಯ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಒಂದೇ ಜಾಗದಲ್ಲಿ ಎಡವಿದರೆ ಅದು ದೋಷ. ಅವರು ಸೂಚಿಸುವ ಪರಿಹಾರ ತಪ್ಪಿರಬಹುದು, ತೋರಿಸುವ ಜಾಗ ತಪ್ಪುವುದು ಅಪರೂಪ. ಮುಖ್ಯ ಪಾತ್ರದ ಉದ್ದೇಶದ ದೋಷ ಮೂರನೇ ಒಂದಕ್ಕಿಂತ ಹೆಚ್ಚು ಅಧ್ಯಾಯಗಳಲ್ಲಿ ಕಂಡರೆ ಸಾಲು ಸಾಲು ತಿದ್ದುವುದನ್ನು ನಿಲ್ಲಿಸಿ. ಅಲ್ಲಿ ಕೆಟ್ಟಿರುವುದು ಸಾಲುಗಳಲ್ಲ, ಕತೆಯ ಹೆಣಿಗೆ. ಒಂದೇ ದೃಶ್ಯವನ್ನು ನಾಲ್ಕನೇ ಸಲ ತಿದ್ದುತ್ತಿದ್ದರೂ ನಿಲ್ಲಿಸಿ.

ಓದಲು ಕೊಡುವಾಗ "ಹೇಗಿದೆ?" ಎಂದು ಕೇಳಬೇಡಿ, "ಚೆನ್ನಾಗಿದೆ" ಎಂಬುದಷ್ಟೇ ಉತ್ತರ ಬರುತ್ತದೆ. ಪುಟದ ಅಂಚಿನಲ್ಲಿ ಎರಡೇ ಗುರುತು ಹಾಕಲು ಹೇಳಿ: ಹಿಂದೆ ತಿರುಗಿ ನೋಡಬೇಕೆನಿಸಿದ ಜಾಗಕ್ಕೆ ಒಂದು, "ಇವನು ಹೀಗೆ ಅನ್ನುವುದಿಲ್ಲ" ಎನಿಸಿದ ಜಾಗಕ್ಕೆ ಇನ್ನೊಂದು. ನಿಮ್ಮ ಪಾತ್ರದ ಹಾಳೆ, ಚೌಕಳಿ, ಕೋಷ್ಟಕ ಯಾವುದನ್ನೂ ಅವರಿಗೆ ಮೊದಲೇ ತೋರಿಸಬೇಡಿ. ಓದಿ ಮುಗಿದ ಮೇಲೆ ಶಾರದಾಳ ಬಗ್ಗೆ ಐದು ಸಾಲು ಬರೆದುಕೊಡಲು ಹೇಳಿ, ನಿಮ್ಮ ಹಾಳೆಯ ಪಕ್ಕ ಇಟ್ಟು ನೋಡಿ. ಎರಡೂ ಹೊಂದದ ಕಡೆ ತಿದ್ದಬೇಕಾದದ್ದು ಕತೆಯೋ ಹಾಳೆಯೋ ಎಂಬುದನ್ನು ಆಮೇಲೆ ನಿರ್ಧರಿಸಿ; ಎಷ್ಟೋ ಸಲ ಹಾಳೆಯೇ ಹಳೆಯದಾಗಿರುತ್ತದೆ.